ಹಕ್ಕಿ ಪ್ರಶ್ನೋತ್ತರ: ಮಳೆ ಬಿಟ್ಟ ಮೇಲೆ ಕಡಲು ದಾಟುವವರು

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ವಲಸೆ ಹಕ್ಕಿಗಳ ಬಗ್ಗೆಯೇ ಇವೆ, ಅದೂ ಹೆಚ್ಚಿನವು ಕಾಸರಗೋಡು ಕಡೆಯಿಂದ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಇಂಗ್ಲೆಂಡಿನ ಸಿಲ್ಲಿ ದ್ವೀಪಗಳಿಗೆ ಅಕ್ಟೋಬರ್ ಬಂತೆಂದರೆ ಅಪರೂಪದ ಹಕ್ಕಿ ನೋಡಲು ಜನ ಹೋಗುತ್ತಾರೆ ಅಂತ ಓದಿದೆ. ಅಷ್ಟು ಸಣ್ಣ ದ್ವೀಪಗಳಲ್ಲಿ ಅಂಥದ್ದೇನಿದೆ? ದಾರಿ ತಪ್ಪಿದ ಹಕ್ಕಿಗಳೆಲ್ಲ ಅಲ್ಲಿಗೇ ಏಕೆ ಬರುತ್ತವೆ?
(ಶಾಲಾ ಶಿಕ್ಷಕಿ, ಬದಿಯಡ್ಕ)

ದ್ವೀಪದಲ್ಲಿ ಅಂಥದ್ದೇನೂ ಇಲ್ಲ ಟೀಚರೇ, ಸುತ್ತ ನೀರಿದೆ, ಅಷ್ಟೇ. ಸಿಲ್ಲಿ ದ್ವೀಪಗಳು ಇಂಗ್ಲೆಂಡಿನ ನೈಋತ್ಯದ ತುದಿಯಿಂದ ಸುಮಾರು 45 ಕಿಲೋಮೀಟರ್ ದೂರ ಅಟ್ಲಾಂಟಿಕ್ ಸಾಗರದಲ್ಲಿವೆ. ಜನವಸತಿ ಇರುವುದು ಐದರಲ್ಲಿ ಮಾತ್ರ. ಸಣ್ಣ ಹಕ್ಕಿಗಳಲ್ಲಿ ಹೆಚ್ಚಿನವು ವಲಸೆ ಹೋಗುವುದು ರಾತ್ರಿ. ಗಾಳಿ ತಂಪಾಗಿರುತ್ತದೆ, ಗಿಡುಗಗಳ ಕಾಟ ಇಲ್ಲ, ದಾರಿಗೆ ನಕ್ಷತ್ರಗಳಿವೆ. ಆದರೆ ಬೆಳಕು ಹರಿಯುವಾಗ ಕೆಳಗೆ ಬರೀ ನೀರೇ ಕಂಡರೆ ಏನು ಮಾಡಬೇಕು? ಮೊದಲು ಸಿಕ್ಕಿದ ನೆಲದಲ್ಲಿ ಇಳಿಯುತ್ತವೆ. ದೊಡ್ಡ ಭೂಭಾಗದಲ್ಲಿ ಅದೇ ಹಕ್ಕಿ ಇಳಿದಿದ್ದರೆ ಸಾವಿರ ಎಕರೆ ಕಾಡಿನಲ್ಲಿ ಎಲ್ಲೋ ಸೇರಿಹೋಗುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸಿಲ್ಲಿಯಲ್ಲಿ ಇರುವುದೇ ನಾಲ್ಕು ಬೇಲಿಸಾಲು, ಒಂದಷ್ಟು ಹೂವಿನ ಗದ್ದೆ, ಅದರ ಸುತ್ತ ದುರ್ಬೀನು ಹಿಡಿದ ಜನ. ತಪ್ಪಿಸಿಕೊಳ್ಳಲು ಜಾಗ ಎಲ್ಲಿದೆ ಹೇಳಿ!

ಇನ್ನು ದಾರಿ ತಪ್ಪುವ ವಿಷಯ. ಅಕ್ಟೋಬರ್‌ನಲ್ಲಿ ಹಾರುವ ಹಕ್ಕಿಗಳಲ್ಲಿ ದೊಡ್ಡ ಪಾಲು ಅದೇ ವರ್ಷ ಹುಟ್ಟಿದ ಮರಿಗಳು. ಅನೇಕ ಜಾತಿಗಳಲ್ಲಿ ಮರಿಗಳು ಅಪ್ಪ ಅಮ್ಮನ ಜೊತೆಗೂ ಹೋಗುವುದಿಲ್ಲ, ಒಂಟಿಯಾಗಿ ಹೊರಡುತ್ತವೆ. ಎತ್ತ ಹಾರಬೇಕು ಎನ್ನುವುದು ಹುಟ್ಟಿನಿಂದಲೇ ಬಂದಿರುತ್ತದೆ, ಆದರೆ ಎಲ್ಲಿದ್ದೇನೆ ಎಂದು ತಿಳಿದುಕೊಳ್ಳುವುದು ಒಮ್ಮೆ ಹೋಗಿ ಬಂದ ಮೇಲೆಯೇ. ನೆದರ್ಲೆಂಡ್ಸ್‌ನ ಪರ್ಡೆಕ್ ಎಂಬ ವಿಜ್ಞಾನಿ ಇದನ್ನು ಬಹಳ ಚಂದ ತೋರಿಸಿದರು. ವಲಸೆ ಹೊರಟಿದ್ದ ಸುಮಾರು 11,000 ಸ್ಟಾರ್ಲಿಂಗ್ ಹಕ್ಕಿಗಳನ್ನು, ಅಂದರೆ ನಮ್ಮ ಗೊರವಂಕದ ನೆಂಟರನ್ನು, ಹಿಡಿದು ಕಾಲಿಗೆ ಬಳೆ ಹಾಕಿ ಸ್ವಿಟ್ಜರ್ಲೆಂಡಿಗೆ ಒಯ್ದು ಬಿಟ್ಟರು. ಬೆಳೆದ ಹಕ್ಕಿಗಳು ದಿಕ್ಕು ಬದಲಿಸಿ ತಮ್ಮ ಮಾಮೂಲಿ ಚಳಿಗಾಲದ ಜಾಗವಾದ ಉತ್ತರ ಫ್ರಾನ್ಸ್, ಇಂಗ್ಲೆಂಡ್ ಕಡೆಗೆ ಹೋದವು. ಮರಿಗಳು ಮಾತ್ರ ನೆದರ್ಲೆಂಡ್ಸ್‌ನಿಂದ ಯಾವ ದಿಕ್ಕಿಗೆ ಹೊರಟಿದ್ದವೋ ಅದೇ ದಿಕ್ಕಿಗೆ ಹಾರಿ ದಕ್ಷಿಣ ಫ್ರಾನ್ಸ್, ಸ್ಪೇನ್ ತಲುಪಿದವು. 1958ರಲ್ಲಿ ಪ್ರಕಟವಾದ ಅಧ್ಯಯನ ಇದು, ಇವತ್ತಿಗೂ ವಲಸೆ ಪಾಠ ಇದರಿಂದಲೇ ಶುರುವಾಗುತ್ತದೆ.

ಈಗ ಆ ಮರಿಗಳಿಗೆ ಬಿರುಗಾಳಿ ಸೇರಿಸಿ. ಅಮೆರಿಕದ ಪೂರ್ವ ಕರಾವಳಿಯಿಂದ ದಕ್ಷಿಣಕ್ಕೆ ಹೊರಟ ಕೆಂಗಣ್ಣಿನ ವಿರಿಯೊದಂಥ ಪುಟ್ಟ ಹಕ್ಕಿ ಅಟ್ಲಾಂಟಿಕ್ ವಾಯುಭಾರ ಕುಸಿತಕ್ಕೆ ಸಿಕ್ಕಿದರೆ ಸಾಗರದ ಈಚೆ ದಡಕ್ಕೆ ಬಂದು ಬೀಳುತ್ತದೆ. ಇನ್ನೊಂದು ಬದಿಯಲ್ಲಿ ಸೈಬೀರಿಯಾದ ಹಳದಿ ಹುಬ್ಬಿನ ಉಲಿಯಕ್ಕಿ ಇದೆ, ತೂಕ ಆರೇಳು ಗ್ರಾಂ. ಆಗ್ನೇಯ ಏಷ್ಯಾಕ್ಕೆ ಹೋಗಬೇಕಾದದ್ದು, ಕೆಲವು ಪಶ್ಚಿಮಕ್ಕೆ ಹಾರಿ ಬ್ರಿಟನ್ ಮುಟ್ಟುತ್ತವೆ. ಹೀಗೆ ಎರಡು ಖಂಡಗಳ ಹಕ್ಕಿಗಳು ಒಂದೇ ವಾರ ಒಂದೇ ಬೇಲಿಯಲ್ಲಿ ಸಿಗುವ ಜಾಗ ಅದು, ಜನ ಹೋಗದೆ ಇರುತ್ತಾರಾ? ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ಮತ್ತು ಶೆಟ್‌ಲ್ಯಾಂಡ್ ದ್ವೀಪಗಳ ನಡುವಿನ ಫೇರ್ ಐಲ್ ಕೂಡ ಇದಕ್ಕೇ ಹೆಸರುವಾಸಿ. ಅಲ್ಲಿ 1948ರಲ್ಲೇ ಪಕ್ಷಿ ವೀಕ್ಷಣಾಲಯ ಶುರುವಾಯಿತು.

ನಮಗೆ ಹತ್ತಿರದ ದ್ವೀಪ ಅಂದರೆ ಲಕ್ಷದ್ವೀಪ. ಅಲ್ಲಿಯೂ ಹೀಗೆಯೇ ಹಕ್ಕಿಗಳು ಬಂದಿಳಿಯುತ್ತವೆಯೇ?
(ನಿವೃತ್ತ ಅಂಚೆ ನೌಕರ, ಮಂಜೇಶ್ವರ)

ಹತ್ತಿರದ್ದು ಮಾತ್ರವಲ್ಲ, ಒಂದು ಕಾಲಕ್ಕೆ ನಮ್ಮದೇ ಜಿಲ್ಲೆ! ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ, ಈ ಉತ್ತರದ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ಆಡಳಿತ ಮಂಗಳೂರಿನಿಂದ. ದ್ವೀಪದವರು ಓಡಗಳಲ್ಲಿ ಹುರಿಹಗ್ಗ ತಂದು ಮಂಗಳೂರಲ್ಲಿ ಕೊಟ್ಟು ಅಕ್ಕಿ ಒಯ್ಯುತ್ತಿದ್ದರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು, ಅದೇ ದಿನ ಆ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು. ಹಾಗಾಗಿ ನಿಮ್ಮ ಪ್ರಶ್ನೆ ಹಳೇ ನೆರೆಮನೆಯ ವಿಚಾರವೇ.

ಹಕ್ಕಿಗಳ ವಿಷಯಕ್ಕೆ ಬಂದರೆ, ಬರುತ್ತವೆ, ಖಂಡಿತ. ಲಕ್ಷದ್ವೀಪದಲ್ಲಿ 36 ದ್ವೀಪಗಳಿವೆ, ಎಲ್ಲ ಸೇರಿಸಿದರೂ 32 ಚದರ ಕಿಲೋಮೀಟರ್, ಕೇರಳ ಕರಾವಳಿಯಿಂದ 220ರಿಂದ 440 ಕಿಲೋಮೀಟರ್ ದೂರ. ಸಪ್ಟೆಂಬರ್ ಹೊತ್ತಿಗೆ ಲಗೂನಿನ ಅಂಚಿನ ಮರಳಿನಲ್ಲಿ ಸೈಬೀರಿಯಾದ ಗೋಲ್ಡನ್ ಪ್ಲೋವರ್, ಕೊಕ್ಕು ಕೆಳಕ್ಕೆ ಬಾಗಿದ ವಿಂಬ್ರೆಲ್ ಎಲ್ಲ ಕಾಣಿಸುತ್ತವೆ. ನನಗೆ ಇಷ್ಟವಾದದ್ದು ಕ್ರ್ಯಾಬ್ ಪ್ಲೋವರ್, ಕಪ್ಪು ಬಿಳಿ ಬಣ್ಣ, ಏಡಿ ಒಡೆಯಲು ಹೇಳಿ ಮಾಡಿಸಿದ ದಪ್ಪ ಕೊಕ್ಕು. ಇದು ಅರಬ್ಬೀ ಸಮುದ್ರದ ಆಚೆ ದಡದ ಬಿಸಿ ಮರಳಿನಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತದೆ, ಕಾವಿನ ಕೆಲಸ ಬಹುಪಾಲು ಮರಳಿನದ್ದೇ.

ಆದರೆ ಸಿಲ್ಲಿಯ ಹಾಗೆ ದಿನಕ್ಕೊಂದು ಅಪರೂಪದ ಸುದ್ದಿ ಲಕ್ಷದ್ವೀಪದಿಂದ ಬರುವುದಿಲ್ಲ. ಹಕ್ಕಿ ಇಲ್ಲ ಅಂತ ಅಲ್ಲ, ನೋಡುವವರು ಕಡಿಮೆ. ಅಪರೂಪದ ಹಕ್ಕಿಗಳ ನಕ್ಷೆ ಅಂತ ನಾವು ನೋಡುವುದು ಎಷ್ಟೋ ಸಲ ಹಕ್ಕಿ ನೋಡುವ ಜನರ ನಕ್ಷೆಯೇ ಆಗಿರುತ್ತದೆ, ಇದನ್ನು ಮರೆಯಬಾರದು. ಎ. ಓ. ಹ್ಯೂಮ್, ಹೌದು, ಮುಂದೆ ಕಾಂಗ್ರೆಸ್ ಕಟ್ಟಿದ ಅದೇ ಹ್ಯೂಮ್, 1875ರಲ್ಲಿ ಈ ದ್ವೀಪಗಳಿಗೆ ಹೋಗಿ ಹಕ್ಕಿಗಳ ಬಗ್ಗೆ ಬರೆದರು. ಆಮೇಲೆ ಅಲ್ಲಿ ಹಕ್ಕಿ ಬರೆದವರನ್ನು ಬೆರಳೆಣಿಕೆಯಲ್ಲಿ ಹೇಳಬಹುದು. ಕಾಸರಗೋಡಿನಿಂದ ನೌಕರಿಗೆ ಅಂತ ಅಗತ್ತಿ, ಕವರತ್ತಿಗೆ ಹೋದವರು ಒಂದು ನೋಟ್‌ಬುಕ್ ಇಟ್ಟುಕೊಂಡರೂ ಅದು ದೊಡ್ಡ ಕೊಡುಗೆಯೇ.

ಒಂದು ಚಾಣ ನಾಗಾಲ್ಯಾಂಡಿನಿಂದ ಆಫ್ರಿಕಾಕ್ಕೆ ಅರಬ್ಬೀ ಸಮುದ್ರ ದಾಟಿ ಹೋಗುತ್ತದಂತೆ. ನಡುವೆ ಎಲ್ಲಿ ಕೂರುತ್ತದೆ? ಏನು ತಿನ್ನುತ್ತದೆ? ಇದನ್ನು ನಂಬಬಹುದಾ?
(ಪ್ಲಸ್ ಟು ವಿದ್ಯಾರ್ಥಿ, ಉಪ್ಪಳ)

ನಂಬು ಮಾರಾಯ, ಉಪಗ್ರಹದ ಲೆಕ್ಕ ಇದೆ. ಇದು ಅಮೂರ್ ಚಾಣ, ತೂಕ ಸುಮಾರು 150 ಗ್ರಾಂ. ಚೀನಾದ ಈಶಾನ್ಯ, ಅಮೂರ್ ನದಿಯ ಕಡೆ ಮರಿ ಮಾಡಿ, ಅಕ್ಟೋಬರ್–ನವೆಂಬರ್‌ನಲ್ಲಿ ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಹತ್ತಿರ ಲಕ್ಷಗಟ್ಟಲೆ ಸೇರುತ್ತವೆ. 2012ರಲ್ಲಿ ಅಲ್ಲಿ ಬಲೆ ಹಾಕಿ ಇವನ್ನು ರಾಶಿ ರಾಶಿ ಕೊಲ್ಲುತ್ತಿದ್ದ ಚಿತ್ರಗಳು ಹೊರಬಂದವು. ಮರುವರ್ಷವೇ ಊರಿನವರು ಬೇಟೆ ನಿಲ್ಲಿಸಿದರು. 2013ರ ನವೆಂಬರ್‌ನಲ್ಲಿ ಮೂರು ಚಾಣಗಳಿಗೆ ನಾಗಾ, ವೋಖಾ, ಪಂಗ್ತಿ ಅಂತ ಹೆಸರಿಟ್ಟು ಬೆನ್ನಿಗೆ ಟ್ರಾನ್ಸ್‌ಮಿಟರ್ ಕಟ್ಟಿ ಬಿಟ್ಟರು. ನಾಗಾ ಐದಾರು ದಿನಗಳಲ್ಲಿ 5,000 ಕಿಲೋಮೀಟರಿಗೂ ಜಾಸ್ತಿ ಹಾರಿ, ಭಾರತವನ್ನೂ ಅರಬ್ಬೀ ಸಮುದ್ರವನ್ನೂ ದಾಟಿ ಆಫ್ರಿಕಾ ಸೇರಿತು. ಎಲ್ಲೂ ಕೂರಲಿಲ್ಲ. ಆ ಹೊತ್ತಿಗೆ ಈಶಾನ್ಯದಿಂದ ಬೀಸುವ ಗಾಳಿ ಬೆನ್ನಿಗಿರುತ್ತದೆ.

ತಿನ್ನುವುದರ ಕಥೆ ಇನ್ನೂ ಸೊಗಸು. ಮಳೆ ಬಿಡುವಾಗ ಅಂಗಳದಲ್ಲಿ, ಕೊಯ್ಲು ಮುಗಿದ ಗದ್ದೆಯ ಮೇಲೆ ಮಂದೆಯಾಗಿ ಹಾರುವ ಹಳದಿ ಏರೋಪ್ಲೇನ್ ಚಿಟ್ಟೆ ನೋಡಿದ್ದೀಯಲ್ಲ? ಮಾಲ್ಡೀವ್ಸ್‌ನಲ್ಲಿ ಇದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿಗೆ ಒಂದು ಸಂಶಯ ಬಂತು. ಪ್ರತಿ ವರ್ಷ ಅಕ್ಟೋಬರ್‌ನಿಂದ ಇವು ದ್ವೀಪಕ್ಕೆ ಬಂದು ಬೀಳುತ್ತವೆ, ಆದರೆ ಇವು ಮೊಟ್ಟೆ ಇಡಲು ಸಿಹಿನೀರು ಬೇಕು, ದ್ವೀಪದಲ್ಲಿ ಕೆರೆ ತೊರೆ ಅನ್ನುವುದು ಇಲ್ಲವೇ ಇಲ್ಲ ಅನ್ನಬೇಕು. ಹಾಗಾದರೆ ಎಲ್ಲಿಂದ? ಭಾರತದಿಂದ ಹೊರಟು ಮಾಲ್ಡೀವ್ಸ್ ಮೇಲಾಗಿ ಪೂರ್ವ ಆಫ್ರಿಕಾಕ್ಕೆ ಹೋಗುತ್ತವೆ ಅಂತ ಅವರು 2009ರಲ್ಲಿ ವಾದ ಮುಂದಿಟ್ಟರು. ಅದೇ ದಾರಿ, ಅದೇ ಕಾಲ, ಅದೇ ಗಾಳಿ ಹಿಡಿದು ಹೋಗುವ ಚಾಣಗಳು ದಾರಿಯಲ್ಲಿ ಇವನ್ನೇ ತಿನ್ನುತ್ತಿರಬಹುದು ಅನ್ನುವುದೂ ಅವರ ಊಹೆ. ಬುತ್ತಿಯೇ ಜೊತೆಗೆ ಹಾರಿದ ಹಾಗೆ!

ಇನ್ನೊಂದು ಲೆಕ್ಕ ಹೇಳುತ್ತೇನೆ, ಕ್ಲಾಸಿನಲ್ಲಿ ಹೇಳಿ ನೋಡು. 2019ರಲ್ಲಿ ಮಂಗೋಲಿಯಾದಲ್ಲಿ ಟ್ರಾನ್ಸ್‌ಮಿಟರ್ ಕಟ್ಟಿದ ಓನೊನ್ ಎಂಬ ಕೋಗಿಲೆ ಜಾತಿಯ ಹಕ್ಕಿ ಭಾರತದ ಮೇಲಾಗಿ ಜಾಂಬಿಯಾಕ್ಕೆ ಹೋಗಿ, 2020ರ ಮೇ ಕೊನೆಗೆ ಮಂಗೋಲಿಯಾಕ್ಕೇ ವಾಪಸ್ ಬಂತು. ಒಟ್ಟು ಸುಮಾರು 26,000 ಕಿಲೋಮೀಟರ್. ಅದಕ್ಕಿಂತಲೂ ದಂಗಾಗುವ ವಿಷಯ, 2022ರ ಅಕ್ಟೋಬರ್‌ನಲ್ಲಿ ಗಾಡ್ವಿಟ್ ಎಂಬ ಉದ್ದ ಕೊಕ್ಕಿನ ಹಕ್ಕಿಯ ಐದು ತಿಂಗಳ ಒಂದು ಮರಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 11 ದಿನ ಒಂದೇ ಸಮನೆ ಹಾರಿತು, 13,560 ಕಿಲೋಮೀಟರ್. ಹೊರಡುವ ಮೊದಲು ಮೈತುಂಬ ಕೊಬ್ಬು ಸೇರಿಸಿಕೊಂಡು, ಹೊಟ್ಟೆ ಕರುಳನ್ನು ಕುಗ್ಗಿಸಿಕೊಂಡು ಹೊರಡುತ್ತವೆ ಇವು. ಊಟ ಇಲ್ಲದ ದಾರಿಗೆ ಕರುಳಿನ ಭಾರ ಯಾಕೆ, ಅಲ್ವಾ?

ಜುಲೈಯಲ್ಲಿ ಜೋರು ಗಾಳಿಮಳೆ ಆದ ಮರುದಿನ ಕಡಪ್ಪುರದಲ್ಲಿ ಬಾತುಕೋಳಿಗಿಂತ ದೊಡ್ಡ ಬಿಳಿ ಹಕ್ಕಿ ಸುಮ್ನೆ ಕೂತಿತ್ತು. ರೆಕ್ಕೆಯ ಅಂಚು, ಬಾಲ ಕಪ್ಪು, ಮುಖಕ್ಕೂ ಕಪ್ಪು ಬಳಿದ ಹಾಗೆ. ಮಕ್ಕಳು ನೀರಿಗೆ ಬಿಟ್ಟರೂ ಮತ್ತೆ ದಡಕ್ಕೇ ಬಂತು. ಯಾವುದು ಅದು?
(ಬೋಟಿನ ಕೆಲಸಗಾರ, ಶಿರಿಯ)

ನೀವು ಹೇಳಿದ ಗುರುತು ನೋಡಿದರೆ ಮಾಸ್ಕ್ಡ್ ಬೂಬಿ ಇರಬೇಕು, ನಡುಸಮುದ್ರದ ಹಕ್ಕಿ. ಮೀನಿನ ಮೇಲೆ ಎತ್ತರದಿಂದ ಈಟಿಯ ಥರ ಧುಮುಕುತ್ತದೆ. ಮುಂಗಾರಿನ ಪಡುಗಾಳಿ ಜೋರಾದಾಗ ಇಂಥ ಹಕ್ಕಿಗಳು ಸುಸ್ತಾಗಿ ನಮ್ಮ ಕರಾವಳಿಗೆ ಬಂದು ಬೀಳುತ್ತವೆ. ಹಾಗಾಗಿ ಇದು ವಲಸೆಯ ಲೆಕ್ಕಕ್ಕೆ ಸೇರುವುದಿಲ್ಲ, ಗಾಳಿಯ ಲೆಕ್ಕಕ್ಕೆ ಸೇರುತ್ತದೆ.

ದಡದಲ್ಲಿ ಕೂತಿದೆ ಅಂದರೆ ಅದಕ್ಕೆ ಈಜುವ ಶಕ್ತಿಯೂ ಇಲ್ಲ ಅಂತ. ದಯವಿಟ್ಟು ನೀರಿಗೆ ತಳ್ಳಬೇಡಿ. ಬಾಯಿಗೆ ನೀರು ಹೊಯ್ಯುವುದೂ ಬೇಡ. ಬಟ್ಟೆ ಮುಚ್ಚಿ ಹಿಡಿದು, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟು, ನಾಯಿ ಬೆಕ್ಕು ಗಲಾಟೆ ಇಲ್ಲದ ಜಾಗದಲ್ಲಿರಿಸಿ ಅರಣ್ಯ ಇಲಾಖೆಗೆ ಫೋನ್ ಮಾಡಿ. ಹಿಡಿಯುವಾಗ ಕೊಕ್ಕಿನಿಂದ ಮುಖ ದೂರ ಇರಲಿ, ಅದು ಗುರಿ ಇಡುವುದು ಕಣ್ಣಿಗೆ. ಮನೆಯಲ್ಲಿ ಸಾಕುತ್ತೇನೆ ಅನ್ನುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ.

ತೋಟದಲ್ಲಿ ಸತ್ತು ಬಿದ್ದ ಹಕ್ಕಿಯ ಕಾಲಲ್ಲಿ ನಂಬರ್ ಇರುವ ಲೋಹದ ಬಳೆ ಸಿಕ್ಕಿದೆ. ಪಾರಿವಾಳದ ಪಂದ್ಯದ್ದಾ?
(ನೀರ್ಚಾಲು)

ಪಾರಿವಾಳ ಅಲ್ಲದಿದ್ದರೆ ಪಂದ್ಯದ್ದಲ್ಲ. ಬಳೆಯಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ ಎಂಬ ಇಂಗ್ಲಿಷ್ ಸಾಲು ಇದೆಯಾ ನೋಡಿ. ಬೇರೆ ದೇಶದ್ದಾದರೂ ಅವರಿಗೇ ತಿಳಿಸಬಹುದು. ನಂಬರ್, ಸಿಕ್ಕಿದ ದಿನ, ಜಾಗ, ಹಕ್ಕಿಯ ಫೋಟೋ, ಇಷ್ಟು ಕಳಿಸಿದರೆ ಸಾಕು. ಬಳೆ ಬಿಸಾಡಬೇಡಿ.

ದ್ವೀಪಕ್ಕೆ ಹೋಗುವ ದುಡ್ಡಿಲ್ಲ, ದೊಡ್ಡ ಕ್ಯಾಮೆರಾ ಇಲ್ಲ. ಊರಲ್ಲೇ ಕೂತು ವಲಸೆ ಹಕ್ಕಿ ನೋಡಬಹುದಾ? ಯಾವಾಗ, ಎಲ್ಲಿ?
(ಗೃಹಿಣಿ, ಪೆರ್ಲ. ಇದೇ ಪ್ರಶ್ನೆ ಮುಳ್ಳೇರಿಯ, ಕುಂಬಳೆಯಿಂದಲೂ ಬಂದಿದೆ)

ನಿಮ್ಮ ಅಂಗಳದಿಂದಲೇ ಶುರು ಮಾಡಿ ಅಕ್ಕ. ಸಪ್ಟೆಂಬರ್‌ನಲ್ಲಿ ತೋಡಿನ ಬದಿಯ ಕಲ್ಲಿನ ಮೇಲೆ ಬಾಲ ಕುಣಿಸುವ ಬೂದು ಸಿಪಿಲೆ, ನಮ್ಮಲ್ಲಿ ಕುಂಡೆಕುಸ್ಕ ಅನ್ನುವುದು, ಹಿಮಾಲಯದ ಕಡೆಯಿಂದ ಬಂದಿರುತ್ತದೆ. ಅಕ್ಟೋಬರ್ ಹೊತ್ತಿಗೆ ಅಡಿಕೆ ತೋಟದ ತರಗೆಲೆಯಲ್ಲಿ ನವರಂಗ ಎಂಬ ಬಣ್ಣಬಣ್ಣದ ಹಕ್ಕಿ ಕುಪ್ಪಳಿಸುತ್ತದೆ. ಏಣಿಲು, ಅಂದರೆ ಮಳೆಗಾಲದ ಬೆಳೆ, ಕೊಯ್ಲು ಮುಗಿದ ಗದ್ದೆಯಲ್ಲಿ ಗೋಲ್ಡನ್ ಪ್ಲೋವರ್ ಇರಬಹುದು, ನಿಂತಲ್ಲೇ ಮಣ್ಣಿನ ಬಣ್ಣಕ್ಕೆ ಸೇರಿಹೋಗುವುದರಿಂದ ಓಡಿದಾಗಲೇ ಗೊತ್ತಾಗುವುದು. ಕಡಲ ಬದಿಗೆ ಹೋಗುವುದಾದರೆ ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಗಳ ಅಳಿವೆ ಸಾಕು. ಭರತ, ಅಂದರೆ ಕಡಲಿನ ಉಬ್ಬರ, ಇಳಿಯಲು ಶುರುವಾದಾಗ ಹೋಗಿ, ಕೆಸರು ತೆರೆದುಕೊಂಡಂತೆ ಹಕ್ಕಿಗಳು ಊಟಕ್ಕೆ ಇಳಿಯುತ್ತವೆ. ನವೆಂಬರ್ ನಂತರ ಅಲ್ಲಿ ಸೇರುವ ಕಂದುತಲೆಯ ಗಲ್‌ಗಳನ್ನು ನಾವು ಕಡಲಕ್ಕಿ ಅನ್ನುತ್ತೇವೆ, ಅವು ಹುಟ್ಟಿದ್ದು ಲಡಾಖ್, ಟಿಬೆಟ್ಟಿನ ಎತ್ತರದ ಸರೋವರಗಳಲ್ಲಿ! ಕುಂಬಳೆಯವರಿಗೆ ಹತ್ತಿರದಲ್ಲೇ ಕಿದೂರು ಇದೆ, ಪಕ್ಷಿಪ್ರಿಯರಿಗೆಲ್ಲ ಗೊತ್ತಿರುವ ಜಾಗ. ವರ್ಷವಿಡೀ ಇರುವ ಬಿಳಿಹೊಟ್ಟೆಯ ಕಡಲ ಹದ್ದನ್ನೂ ಬಿಡಬೇಡಿ, ಅದು 2023ರಿಂದ ಕಾಸರಗೋಡಿನ ಜಿಲ್ಲಾ ಪಕ್ಷಿ.

ಕ್ಯಾಮೆರಾಗಿಂತ ಕ್ಯಾಲೆಂಡರ್ ಮುಖ್ಯ ಅಂತ ನನ್ನ ಅಭಿಪ್ರಾಯ. ಗೋಡೆಯ ಕ್ಯಾಲೆಂಡರಿನಲ್ಲೇ ಸಿಪಿಲೆ ಮೊದಲು ಕಂಡ ದಿನ ಗುರುತು ಹಾಕಿ, ಮುಂದಿನ ವರ್ಷವೂ ಹಾಕಿ. ದಾರಿ ತಪ್ಪಿ ಬಂದ ಒಂದು ಹಕ್ಕಿಯ ಫೋಟೋಗೆ ನೂರು ಲೈಕ್ ಸಿಗುತ್ತದೆ, ಆದರೆ ಮಾಮೂಲಿ ಹಕ್ಕಿಗಳು ಬರುವ ದಿನ ಹಿಂದೆ ಮುಂದೆ ಆಗುತ್ತಿದೆಯಾ ಎಂದು ತಿಳಿಯುವುದು ಇಂಥ ಗುರುತುಗಳಿಂದಲೇ. ಫೋನ್ ಇದ್ದರೆ ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಆ್ಯಪಿನಲ್ಲೂ ಹಾಕಬಹುದು. 2015ರಿಂದ 2020ರವರೆಗೆ ನಡೆದ ಕೇರಳ ಪಕ್ಷಿ ಅಟ್ಲಾಸ್ ಕೆಲಸ ಮಾಡಿದವರೂ ಬಹುಪಾಲು ನಿಮ್ಮಂಥ ಸಾಮಾನ್ಯ ಜನರೇ.

ಲಕ್ಷದ್ವೀಪದ ಪಿಟ್ಟಿ ಎಂಬ ಹಕ್ಕಿದ್ವೀಪಕ್ಕೆ ಹೋಗಬೇಕು ಅಂತ ಆಸೆ. ಹೇಗೆ?
(ಕಾಸರಗೋಡು)

ಆ ಆಸೆ ಬಿಟ್ಟುಬಿಡಿ. ಕವರತ್ತಿಯ ವಾಯವ್ಯಕ್ಕಿರುವ ಮರಳುದಿಬ್ಬ ಅದು, ಮರ ಇಲ್ಲ, ನೆರಳಿಲ್ಲ, ರೀವಗಳೆಂಬ ಕಡಲಹಕ್ಕಿಗಳು ಬರೀ ಮರಳಿನ ಮೇಲೆ ಮೊಟ್ಟೆ ಇಡುವ ಪಕ್ಷಿಧಾಮ. ಒಬ್ಬರು ಇಳಿದರೆ ಎಲ್ಲ ಹಕ್ಕಿ ಎದ್ದುಬಿಡುತ್ತವೆ, ಬಿಸಿಲಿಗೆ ಮೊಟ್ಟೆ ಬೇಯುತ್ತದೆ. ಬದಲಿಗೆ ಪರ್ಮಿಟ್ ಮಾಡಿಸಿ ಕೊಚ್ಚಿಯಿಂದ ಹಡಗು ಹತ್ತಿ. ಮಂಗಳೂರಿನವರೆಗೆ ವಿಚಾರಿಸಿ ಸಮಯ ಹಾಳು ಮಾಡುವುದಕ್ಕಿಂತ ನೇರ ಕೊಚ್ಚಿಯಲ್ಲೇ ಕೇಳುವುದು ಒಳ್ಳೆಯದು. ಬೆಳಕು ಹರಿಯುವ ಮೊದಲೇ ಡೆಕ್ಕಿಗೆ ಬನ್ನಿ. ಶಿಯರ್‌ವಾಟರ್ ಎಂಬ ನಡುಸಮುದ್ರದ ಹಕ್ಕಿಗಳು ಅಲೆಗೆ ತಾಗಿದಂತೆ ಹಾರುವುದು, ಅದೃಷ್ಟ ಇದ್ದರೆ ಸ್ಕುವಾ ಎಂಬ ಕಳ್ಳ ರೀವಗಳನ್ನು ಅಟ್ಟಿಸಿಕೊಂಡು ಹೋಗಿ ಬಾಯಲ್ಲಿದ್ದ ಮೀನು ಬೀಳಿಸುವುದು, ಇವೆಲ್ಲ ದ್ವೀಪದಲ್ಲಿ ಇಳಿದ ಮೇಲೆ ಕಾಣುವುದಿಲ್ಲ. ವಾಂತಿ ಮಾತ್ರೆ ಮಾತ್ರ ಹಡಗು ಹತ್ತುವ ಮೊದಲೇ ನುಂಗಿ, ಹತ್ತಿದ ಮೇಲೆ ನುಂಗಿ ಪ್ರಯೋಜನ ಇಲ್ಲ.