ಹಳೆ ವಿಮಾನದ ಗಂಟೆ ಹೊಸದಕ್ಕೆ ಬರುತ್ತದಾ?

ಪ್ರಶ್ನೆ: ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್ ಎಕ್ಸ್-ಪ್ಲೇನ್ ಜೊತೆಗೇ ಬರುವ ಸೆಸ್ನಾ 172 ವಿಮಾನವನ್ನು ತುಂಬಾ ದಿನದಿಂದ ಹಾರಿಸುತ್ತಿದ್ದೇನೆ. ಲಾಗ್‌ಬುಕ್‌ನಲ್ಲಿ 140 ಗಂಟೆ ದಾಟಿದೆ. ಈಗ ಬೇರೆಯವರು ತಯಾರಿಸಿದ, ಇನ್ನೂ ಚೆನ್ನಾಗಿರುವ 172 ಕೊಂಡು ಹಾಕಿಕೊಂಡೆ. ಅದರ ಮೀಟರ್ ಸೊನ್ನೆಯಿಂದ ಶುರುವಾಗಿದೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಹಳೆ ಗಂಟೆಗಳನ್ನು ಇದಕ್ಕೆ ಸೇರಿಸಬಹುದಾ? ಮುಂದೆ ಏರ್‌ಬಸ್ ಎ320 ಹಾರಿಸುವ ಆಸೆಯೂ ಇದೆ. ಅಲ್ಲಿಗೂ ಒಯ್ಯಬಹುದಾ?

ಉತ್ತರ: ಮೊದಲು ಹೊಟ್ಟೆಉರಿ ಬಿಡಿ, ಏನೂ ಕಳೆದುಹೋಗಿಲ್ಲ. ಇಲ್ಲಿ ಎರಡು ಲೆಕ್ಕಗಳು ಬೆರೆತಿವೆ. ಲಾಗ್‌ಬುಕ್‌ನ ಗಂಟೆ ಪೈಲಟ್‌ನದು, ಅಂದರೆ ನಿಮ್ಮದು. ಪ್ಯಾನೆಲ್‌ನಲ್ಲಿ ಸೊನ್ನೆ ತೋರಿಸುತ್ತಿರುವ ಹಾಬ್ಸ್ ಮೀಟರ್, ಅಂದರೆ ವಿಮಾನ ಓಡಿದ ಗಂಟೆ ಎಣಿಸುವ ಮೀಟರ್, ಆ ವಿಮಾನದ್ದು. ಹಳೆ ಕಾರು ಬಿಟ್ಟು ಹೊಸದು ತೆಗೆದುಕೊಂಡರೆ ಹಳೆಯದು ಓಡಿದ ಕಿಲೋಮೀಟರ್ ಹೊಸದರ ಮೀಟರ್‌ಗೆ ಬರುವುದಿಲ್ಲ ಅಲ್ವಾ, ಹಾಗಂತ ನಿಮಗೆ ಡ್ರೈವಿಂಗ್ ಮರೆತುಹೋಗುವುದೂ ಇಲ್ಲ.

ಮೀಟರ್‌ನ ಅಂಕಿಯನ್ನು ನೀವೇ ತಿದ್ದುವುದು ನನಗೆ ಸರಿ ಕಾಣುವುದಿಲ್ಲ. ನಿಜವಾದ ವಿಮಾನದಲ್ಲಿ ಇಂಥ ಗಂಟೆಯ ಲೆಕ್ಕ ನೋಡಿಯೇ ಆಯಿಲ್ ಬದಲಾವಣೆ, ತಪಾಸಣೆ ಎಲ್ಲ ನಡೆಯುತ್ತದೆ. 172ಎಸ್‌ನಲ್ಲಿರುವ ಲೈಕಮಿಂಗ್ ಎಂಜಿನ್ ಅನ್ನು 2000 ಗಂಟೆಗೆ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಿ ಎಂದು ಕಂಪನಿಯೇ ಹೇಳುತ್ತದೆ. ನೀವು ಕೊಂಡಂಥ, ಬೇರೆಯವರು ತಯಾರಿಸಿದ ಒಳ್ಳೆಯ ಆಡ್-ಆನ್ ವಿಮಾನಗಳಲ್ಲಿ ಕೆಲವು ಇದನ್ನೂ ನಕಲು ಮಾಡುತ್ತವೆ, ಗಂಟೆಯ ಜೊತೆಗೆ ಎಂಜಿನ್ ಸವೆತದ ಲೆಕ್ಕವನ್ನೂ ಇಡುತ್ತವೆ. ಅಂಥದ್ದರಲ್ಲಿ ಬರೀ ಅಂಕಿ ಬದಲಿಸಿದರೆ ಮೀಟರ್ ಒಂದು ಹೇಳುತ್ತದೆ, ಎಂಜಿನ್ ಇನ್ನೊಂದು ಹೇಳುತ್ತದೆ. ದುಡ್ಡು ಕೊಟ್ಟು ತಂದ ಮಜಾನೇ ಹೋಯಿತು.

ಇನ್ನು ಲಾಗ್‌ಬುಕ್. ಎಕ್ಸ್-ಪ್ಲೇನ್‌ನಲ್ಲಿ ಇದು ತುಂಬಾ ಸರಳ, ಔಟ್‌ಪುಟ್ ಫೋಲ್ಡರ್‌ನ ಒಳಗೆ ಲಾಗ್‌ಬುಕ್ಸ್ ಅಂತ ಒಂದು ಫೋಲ್ಡರ್ ಇದೆ, ಅದರಲ್ಲಿರುವುದು ನೋಟ್‌ಪ್ಯಾಡ್‌ನಲ್ಲೇ ತೆರೆಯುವ ಮಾಮೂಲಿ ಟೆಕ್ಸ್ಟ್ ಫೈಲ್. ಹಾರಾಟಗಳು ಸಾಲುಸಾಲಾಗಿ ಇರುತ್ತವೆ: ದಿನಾಂಕ, ಹೊರಟ ಏರ್‌ಪೋರ್ಟ್, ಇಳಿದ ಏರ್‌ಪೋರ್ಟ್, ಎಷ್ಟು ಲ್ಯಾಂಡಿಂಗ್, ಎಷ್ಟು ಗಂಟೆ, ಕೊನೆಗೆ ವಿಮಾನದ ನೋಂದಣಿ ಸಂಖ್ಯೆ ಮತ್ತು ಮಾದರಿ. ಹಾಗಾಗಿ ನೀವು ಕೇಳುವ ವರ್ಗಾವಣೆ ಅಂದರೆ ಇಷ್ಟೇ, ಹಳೆ ಸಾಲುಗಳಲ್ಲಿ ಮಾದರಿಯ ಹೆಸರನ್ನು ಹೊಸದರ ಹೆಸರಿಗೆ ಹೊಂದಿಸುವುದು. ಎರಡೂ 172 ಆಗಿರುವುದರಿಂದ ಇದರಲ್ಲಿ ಮೋಸವೇನೂ ಇಲ್ಲ. ಸಿಮ್ಯುಲೇಟರ್ ಮುಚ್ಚಿದ ಮೇಲೆಯೇ ಫೈಲ್ ತೆರೆಯಿರಿ, ಮೊದಲು ಒಂದು ನಕಲು ಬೇರೆ ಕಡೆ ಇಟ್ಟುಕೊಳ್ಳಿ, ಸಾಲಿನ ಜೋಡಣೆ ಕೆಡಿಸಬೇಡಿ. ಅಲ್ಲಿ ಗಂಟೆ ದಶಮಾಂಶದಲ್ಲಿರುತ್ತದೆ ಅನ್ನುವುದನ್ನೂ ಗಮನಿಸಿ: 0.1 ಅಂದರೆ 6 ನಿಮಿಷ, 1.5 ಅಂದರೆ ಒಂದೂವರೆ ಗಂಟೆ. ಒಂದು ಗಂಟೆ ಐವತ್ತು ನಿಮಿಷ ಅಂದುಕೊಂಡು ಕೂಡಿಸಿದರೆ ಲೆಕ್ಕ ಕೈಕೊಡುತ್ತದೆ.

ಬೇರೆ ಸಿಮ್ಯುಲೇಟರ್ ಇಟ್ಟುಕೊಂಡಿರುವವರಿಗೆ ಇಷ್ಟು ಸುಲಭವಿಲ್ಲ. ಮೈಕ್ರೋಸಾಫ್ಟ್‌ನ ಹಳೆಯ ಎಫ್‌ಎಸ್‌ಎಕ್ಸ್ ಬೈನರಿ ಫೈಲ್ ಬಳಸುತ್ತದೆ, ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಬರೀ ಕಸ ಕಾಣುತ್ತದೆ. 2020ರ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಲಾಗ್‌ಬುಕ್ ನಿಮ್ಮ ಅಕೌಂಟ್ ಜೊತೆ ಕ್ಲೌಡ್‌ನಲ್ಲಿರುತ್ತದೆ, ತಿದ್ದಲು ಒಳಗೆ ಬಟನ್ ಇಲ್ಲ. ಮೈಕ್ರೋಸಾಫ್ಟ್ ಸಿಮ್ಯುಲೇಟರ್‌ಗಳಲ್ಲಿ ಇನ್ನೊಂದು ಕಿರಿಕಿರಿ ಇದೆ. ವಿಮಾನದ ಒಂದೊಂದು ಬಣ್ಣಕ್ಕೂ, ಅಂದರೆ ಲಿವರಿಗೂ, ಬೇರೆ ಬೇರೆ ಹೆಸರು ಕೊಟ್ಟಿರುತ್ತಾರೆ, ಆ ಹೆಸರು ನೋಡಿ ಗಂಟೆ ಕೂಡಿಸಿದರೆ ಒಂದೇ ವಿಮಾನ ನಾಲ್ಕು ವಿಮಾನದ ಹಾಗೆ ಕಾಣುತ್ತದೆ.

ಇದಕ್ಕೆಲ್ಲ ನನ್ನ ಸಲಹೆ, ನಿಮ್ಮದೇ ಒಂದು ಎಕ್ಸೆಲ್ ಶೀಟ್ ಮಾಡಿಕೊಳ್ಳಿ, ಮಾದರಿಯ ಕಾಲಂನಲ್ಲಿ ಆಡ್-ಆನ್ ಹೆಸರಿನ ಬದಲು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅದೇ ಐಕಾವೊ, ಕೊಟ್ಟಿರುವ ಕೋಡ್ ಬರೆಯಿರಿ. ಮಾಮೂಲಿ 172 ಯಾರು ತಯಾರಿಸಿದ್ದರೂ ಸಿ172, ಚಕ್ರ ಒಳಗೆ ಮಡಚುವ 172ಆರ್‌ಜಿ ಆದರೆ ಸಿ72ಆರ್, ಬೋಯಿಂಗ್ 737-800 ಬಿ738. ಆಡ್-ಆನ್ ಎಷ್ಟು ಬದಲಿಸಿದರೂ ಮೊತ್ತ ಒಡೆಯುವುದಿಲ್ಲ.

ಎ320ಗೆ ಮಾತ್ರ ಈ ಗಂಟೆ ಒಯ್ಯಬೇಡಿ. ನಿಜವಾದ ಪೈಲಟ್‌ಗಳಿಗೂ ಒಟ್ಟು ಗಂಟೆ ಮುಂದುವರಿಯುತ್ತದೆ, ಹೊಸ ಮಾದರಿಯ ಗಂಟೆ ಸೊನ್ನೆಯಿಂದಲೇ ಶುರು. ಏರ್‌ಬಸ್‌ನ ಎ318ರಿಂದ ಎ321ರವರೆಗೆ, ಹೊಸ ಎಂಜಿನ್‌ನ ನಿಯೋ ಸೇರಿ, ಒಂದೇ ಟೈಪ್ ರೇಟಿಂಗ್, ಅಂದರೆ ಆ ಮಾದರಿ ಹಾರಿಸುವ ಅರ್ಹತೆ, ಸಾಕು ನಿಜ, ಆದರೆ ಅದು ಅವುಗಳ ಕಾಕ್‌ಪಿಟ್ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ. 172 ಹಾಗಲ್ಲ. 172ರಲ್ಲಿ ಶಕ್ತಿ ಬೇಕಾದರೆ ಕೈಯಲ್ಲೇ ಥ್ರಾಟಲ್ ತಳ್ಳುತ್ತೀರಿ. ಎ320ಯಲ್ಲಿ ಆಟೋಥ್ರಸ್ಟ್, ಅಂದರೆ ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ವ್ಯವಸ್ಥೆ, ಕೆಲಸ ಮಾಡುವಾಗ ಥ್ರಸ್ಟ್ ಲಿವರ್ ನಿಂತಲ್ಲೇ ನಿಂತಿರುತ್ತದೆ, ಎಂಜಿನ್ ಶಕ್ತಿ ಮಾತ್ರ ಏರಿಳಿಯುತ್ತದೆ. ಮೊದಮೊದಲು ಇದು ಚೆನ್ನಾಗಿಯೇ ಗಲಿಬಿಲಿ ಮಾಡುತ್ತದೆ. ರನ್‌ವೇಗೆ ದಾರಿ ತೋರಿಸುವ ರೇಡಿಯೋ ಸಂಕೇತ, ಅದೇ ಐಎಲ್‌ಎಸ್, ಹಿಡಿದು ಇಳಿಯುವುದು, ರೇಡಿಯೋ ಮಾತು, ಗಾಳಿಯ ಅಂದಾಜು ಇವೆಲ್ಲ 172ರಿಂದ ತಾನಾಗಿಯೇ ಜೊತೆಗೆ ಬರುತ್ತವೆ, ಅದಕ್ಕೆ ಫೈಲ್ ತಿದ್ದಬೇಕಿಲ್ಲ.

ಪ್ರಶ್ನೆ: ಮನೆಯ ಸಿಮ್ಯುಲೇಟರ್ ಗಂಟೆಯನ್ನು ನಿಜವಾದ ಪೈಲಟ್ ಲೈಸೆನ್ಸ್‌ಗೆ ತೋರಿಸಬಹುದಾ?

ಉತ್ತರ: ಇಲ್ಲ. ಖಾಸಗಿ ಪೈಲಟ್ ಲೈಸೆನ್ಸ್‌ಗೆ ಐಕಾವೊ ಇಟ್ಟಿರುವ ಕನಿಷ್ಠ ಮಿತಿ 40 ಗಂಟೆ, ಮಾನ್ಯತೆ ಪಡೆದ ತರಬೇತಿಯಾದರೆ 35. ಅದರಲ್ಲಿ ಸಿಮ್ಯುಲೇಟರ್‌ಗೆ ಸಿಗುವುದು ಜಾಸ್ತಿ ಅಂದರೆ 5 ಗಂಟೆ, ಅದೂ ಅನುಮೋದಿತ ಯಂತ್ರದಲ್ಲಿ, ಬೋಧಕರ ಕೈಕೆಳಗೆ ಕಲಿತದ್ದಕ್ಕೆ. ಮನೆಯಲ್ಲಿ ಜಾಯ್‌ಸ್ಟಿಕ್ ಹಿಡಿದು ಸಾವಿರ ಗಂಟೆ ಕೂತಿದ್ದರೂ ಅದನ್ನು ನಿಜವಾದ ಲಾಗ್‌ಬುಕ್‌ಗೆ ಬರೆಯಬೇಡಿ. ಕಲಿಯಲು ಹೋದಾಗ ಕೆಲಸಕ್ಕೆ ಬರುತ್ತದೆ, ಅಷ್ಟೇ.

ಪ್ರಶ್ನೆ: ಹೊಸ ಕಂಪ್ಯೂಟರ್‌ಗೆ ಬದಲಾದರೆ ಲಾಗ್‌ಬುಕ್ ಹೋಗುತ್ತದಾ?

ಉತ್ತರ: ಎಕ್ಸ್-ಪ್ಲೇನ್ ಆದರೆ ಮೇಲೆ ಹೇಳಿದ ಫೋಲ್ಡರ್ ಅನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೊಸದರಲ್ಲಿ ಅದೇ ಜಾಗದಲ್ಲಿ ಇಡಿ. ಎಫ್‌ಎಸ್‌ಎಕ್ಸ್‌ನದು ಡಾಕ್ಯುಮೆಂಟ್ಸ್ ಒಳಗೆ, ಅದರ ಹೆಸರಿನದೇ ಫೋಲ್ಡರ್‌ನಲ್ಲಿರುತ್ತದೆ, ಅದನ್ನೂ ಹಾಗೇ ಕಾಪಿ ಮಾಡಿ. 2020ರದು ಅಕೌಂಟ್‌ಗೆ ಲಾಗಿನ್ ಆದರೆ ತಾನೇ ಬರುತ್ತದೆ. ಹಳೆ ಡಿಸ್ಕ್ ಫಾರ್ಮ್ಯಾಟ್ ಮಾಡುವುದು ಇದೆಲ್ಲ ಮುಗಿದು, ಹೊಸದರಲ್ಲಿ ಲಾಗ್‌ಬುಕ್ ತೆರೆದು ಒಟ್ಟು ಗಂಟೆ ತಾಳೆ ನೋಡಿದ ಮೇಲೆ.