ರಾಗಿಯ ನೀರಿನ ಕೊರತೆ ಗುರುತಿಸಲು ಯಾವ ಡೀಪ್ ಲರ್ನಿಂಗ್ ಮಾದರಿ ಒಳ್ಳೆಯದು?

ಜರ್ಮನಿಯ ಎನ್‌ಮ್ಯಾಪ್ ಉಪಗ್ರಹದ ಇನ್ನೂರಕ್ಕೂ ಹೆಚ್ಚು ತರಂಗಪಟ್ಟಿಗಳು, ಅಂದರೆ ಬೆಳಕನ್ನು ಬಿಡಿಸಿ ಅಳೆದ ಸಣ್ಣ ಸಣ್ಣ ಹೋಳುಗಳು, ಕೈಯಲ್ಲಿವೆ, ಅವುಗಳಿಂದ ಕಲಿಯುವ ಕಂಪ್ಯೂಟರ್ ಮಾದರಿ ಆರಿಸುವುದೊಂದೇ ಬಾಕಿ ಎಂದಿದ್ದೀರಿ. ಹೆಬ್ಬಾಳದ ಬಾಡಿಗೆ ಕೋಣೆಯಲ್ಲಿ ನಾನೂ ಹಾಗೆಯೇ ನಂಬಿ ಕುಳಿತಿದ್ದೆ.

ದೇವನಹಳ್ಳಿ ಕಡೆಯ ರಾಗಿ ಹೊಲವೊಂದರಲ್ಲಿ ಬೆಳಕನ್ನು ತರಂಗಾಂತರವಾರು ಅಳೆಯುವ ಸ್ಪೆಕ್ಟ್ರೋರೇಡಿಯೋಮೀಟರ್ ಹೊತ್ತು ಅಳತೆ ಮಾಡುತ್ತಿದ್ದೆ. ಬೆಳಿಗ್ಗೆ ಬಿಳಿ ಫಲಕದ ಮೇಲೆ ಒಮ್ಮೆ ಬಿಸಿಲನ್ನು ಅಳೆದು, ಫಲಕವನ್ನು ಚೀಲಕ್ಕೆ ಹಾಕಿದವನು ಮಧ್ಯಾಹ್ನದವರೆಗೆ ಹೊರಗೆ ತೆಗೆಯಲಿಲ್ಲ. ಕೆಟ್ಟದ್ದು ಅಲ್ಲಿಯೇ. ಎಲೆಯಿಂದ ಬಂದ ಬೆಳಕನ್ನು ಫಲಕದಿಂದ ಬಂದ ಬೆಳಕಿನಿಂದ ಭಾಗಿಸಿದರೆ ಪ್ರತಿಫಲನ ಸಿಗುತ್ತದೆ; ಎರಡನ್ನೂ ಒಂದೇ ಬಿಸಿಲಿನಲ್ಲಿ ಅಳೆದಿರಬೇಕು. ಹನ್ನೊಂದರ ಹೊತ್ತಿಗೆ ತೆಳುಮೋಡ ಹರಡಿತು. ನನ್ನ ಕಣ್ಣಿಗೆ ಬಿಸಿಲು ಬಿಸಿಲಾಗಿಯೇ ಇತ್ತು. ಆದರೆ ಗಾಳಿಯ ನೀರಾವಿ 940 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ಬೆಳಕನ್ನು ಹೀರುತ್ತದೆ, ಎಲೆಯೊಳಗಿನ ನೀರು 970ರ ಬಳಿ. ಎರಡೂ ಅಕ್ಕಪಕ್ಕದ ಮನೆಗಳು. ಆಕಾಶದ ತೇವವೆಲ್ಲ ನನ್ನ ಗ್ರಾಫಿನಲ್ಲಿ ಎಲೆಯ ನೀರಾಗಿ ಕುಳಿತಿತು. ಗರಿ ಸುರುಳಿ ಸುತ್ತಿ, ನೆಲ ಬಿರುಕು ಬಿಟ್ಟಿದ್ದ ಮಡಿಗಳೇ ನೀರುಂಡ ಮಡಿಗಳಂತೆ ಕಂಡವು! ಆರು ವಾರ ಮಾದರಿಯನ್ನೇ ತಿದ್ದಿದೆ. ತಪ್ಪು ಹೊಳೆಯುವಷ್ಟರಲ್ಲಿ ಕಟಾವು ಮುಗಿದು, ಹೊಲದಲ್ಲಿ ಕೂಳೆ ಮಾತ್ರ ಉಳಿದಿತ್ತು.

ಆದ್ದರಿಂದ ಮಾದರಿಯ ಪ್ರಶ್ನೆಯನ್ನು ಈಗ ಬದಿಗಿಡಿ. ಎನ್‌ಮ್ಯಾಪ್‌ನ ಒಂದು ಪಿಕ್ಸೆಲ್, ಅಂದರೆ ಚಿತ್ರದ ಒಂದು ಚುಕ್ಕಿ, ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ. ಹತ್ತಿರ ಹತ್ತಿರ ಒಂಬತ್ತು ಗುಂಟೆ. ಅಷ್ಟರೊಳಗೆ ರಾಗಿ, ಅಕ್ಕಡಿ ಸಾಲಿನ ಅವರೆ, ಹುಚ್ಚೆಳ್ಳು, ಬದು, ಹೊಂಗೆಯ ನೆರಳು ಎಲ್ಲವೂ ಕಲಸಿಹೋಗಿರುತ್ತವೆ. ನಮ್ಮ ಬೆಂಗಳೂರಿನದೇ ಆದ ಪಿಕ್ಸೆಲ್ (Pixxel) ಎಂಬ ಹೆಸರಿನ ಸಂಸ್ಥೆಯ ಮೊದಲ ಮೂರು ಫೈರ್‌ಫ್ಲೈ ಉಪಗ್ರಹಗಳು 2025ರ ಜನವರಿಯಲ್ಲಿ ಕಕ್ಷೆ ಸೇರಿದವು. ಅವುಗಳ ಚಿತ್ರದಲ್ಲಿ ಪಿಕ್ಸೆಲ್ 5 ಮೀಟರಿನದು, ಅಂದರೆ ಗುಂಟೆಗೆ ನಾಲ್ಕು ಚುಕ್ಕಿ. ಸಣ್ಣ ಹಿಡುವಳಿಯ ರೈತನಿಗೆ ಇದು ದೊಡ್ಡ ಹೆಜ್ಜೆ ಎಂದು ನನಗೆ ಅನ್ನಿಸುತ್ತದೆ. ಆದರೆ ಅವುಗಳ ನೋಟ 900 ನ್ಯಾನೋಮೀಟರ್‌ಗೆ ನಿಲ್ಲುತ್ತದೆ, ನಿಮಗೆ ಬೇಕಾದ 970ಕ್ಕೆ ತಲುಪುವುದಿಲ್ಲ. ಪಟ್ಟಿಗಳನ್ನು ಎಣಿಸಬೇಡಿ, ಅವು ಎಲ್ಲಿವೆ ಎಂದು ನೋಡಿ.

ಎನ್‌ಮ್ಯಾಪ್ ಹಾದುಹೋಗುವುದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಆ ಹೊತ್ತಿಗೆ ಹೊಲದಲ್ಲಿರಿ. ಪ್ರತಿ ಮಡಿಗೆ ಮುಂಚೆ ಫಲಕ ಹಿಡಿಯಿರಿ, ಮೊಬೈಲಿನಲ್ಲಿ ಆಕಾಶದ ಚಿತ್ರ ತೆಗೆದಿಡಿ, ನಾಲ್ಕು ಎಲೆ ಕೊಯ್ದು ತೂಗಿ, ಒಣಗಿಸಿ, ಮತ್ತೆ ತೂಗಿ; ಎರಡು ತೂಕದ ವ್ಯತ್ಯಾಸವೇ ಎಲೆಯ ನೀರು. ನಿಮ್ಮ ರಾಗಿ ಇನ್ನೂ ತೆನೆ ಕಟ್ಟಿಲ್ಲವಾದರೆ ಈ ಹಂಗಾಮು ಕೈತಪ್ಪಿಲ್ಲ.