ಸೇಡಿನ ಕಾರಣ ನೆಲಮಾಳಿಗೆಯಲ್ಲಿದೆ

ಸಾಗರದ ಓದುಗರೊಬ್ಬರು ಬರೆದಿದ್ದಾರೆ: ‘ಅಮೆರಿಕದ ಕತೆಗಾರ ಎಡ್ಗರ್ ಅಲನ್ ಪೋನ “ದಿ ಕ್ಯಾಸ್ಕ್ ಆಫ್ ಅಮೊಂಟಿಯಾಡೊ” ಓದಿದೆ. ಮಾಂಟ್ರೆಸರ್ ಎಂಬಾತ ಫಾರ್ಚುನಾಟೊನನ್ನು ಅಮೊಂಟಿಯಾಡೊ ಎಂಬ ಮದ್ಯದ ಆಸೆ ತೋರಿಸಿ ತನ್ನ ಮನೆಯ ನೆಲಮಾಳಿಗೆಗೆ ಕರೆದೊಯ್ದು, ಜೀವಂತ ಇರುವಾಗಲೇ ಗೋಡೆ ಕಟ್ಟಿ ಮುಚ್ಚುತ್ತಾನೆ. ಆದ ಅವಮಾನ ಏನೆಂದು ಮಾತ್ರ ಹೇಳುವುದಿಲ್ಲ. ಬರೀ ತೇವ, ಮೂಳೆ, ಕತ್ತಲು. ಇದು ಓದುಗರಿಗೆ ಮಾಡಿದ ಮೋಸವಲ್ಲವೇ?’

ಕೊಲೆಗೆ ಕಾರಣ ಕೇಳುವ ಹಕ್ಕು ಓದುಗರಿಗಿದೆ, ಒಪ್ಪಿದೆ. ಆದರೆ ಸ್ವಾಮಿ, ನೀವು ಆ ಮೂಳೆಗಳನ್ನು ಅವಸರದಲ್ಲಿ ದಾಟಿಬಿಟ್ಟಿರಿ. ಅವು ಯಾರ ಮೂಳೆಗಳು? ಮಾಂಟ್ರೆಸರನ ಹಿರಿಯರವು. ನೆಲಮಾಳಿಗೆ ಎಷ್ಟು ವಿಶಾಲ ಎಂದು ಅತಿಥಿ ಬೆರಗಾದರೆ, ನಮ್ಮದು ದೊಡ್ಡ ವಂಶವಾಗಿತ್ತು ಎಂದು ಇವನು ಹಳೆಯ ಕಾಲದ ಮಾತಿನಂತೆ ಹೇಳುತ್ತಾನೆ. ಆ ಹಿರಿಯರ ನಡುವೆ ನಿಂತೇ ಫಾರ್ಚುನಾಟೊ, ನಿಮ್ಮ ವಂಶಲಾಂಛನ ಮರೆತುಹೋಯಿತು ಅನ್ನುತ್ತಾನೆ! ಹಿಮ್ಮಡಿ ಕಚ್ಚಿದ ಹಾವನ್ನು ತುಳಿಯುತ್ತಿರುವ ಚಿನ್ನದ ಪಾದ ಆ ಲಾಂಛನ. ಇನ್ನೆಂಥ ಅವಮಾನ ಬೇಕಿತ್ತು ನಿಮಗೆ?

ಇನ್ನು ಕತೆ ಹೇಳುವ ಮಾಂಟ್ರೆಸರನನ್ನೇ ನೋಡಿ. ಕಾರ್ನಿವಲ್ ಹಬ್ಬದ ಸಂಜೆ ಮನೆ ಖಾಲಿಯಾಗಬೇಕು. ಅದಕ್ಕೆ ಆಳುಗಳಿಗೆ, ನಾನು ಬೆಳಗಿನವರೆಗೆ ಬರುವುದಿಲ್ಲ, ನೀವು ಹೊಸಿಲು ದಾಟಕೂಡದು ಎಂದು ಕಟ್ಟಪ್ಪಣೆ ಮಾಡುತ್ತಾನೆ. ಇವನು ಬೆನ್ನು ತಿರುಗಿಸಿದ್ದೇ ತಡ, ಎಲ್ಲರೂ ಪರಾರಿ. ಫಾರ್ಚುನಾಟೊನ ಮೇಲೂ ಅದೇ ಮದ್ದು: ನಿಮಗೆ ಕೆಮ್ಮು, ಗೋಡೆಯಲ್ಲೆಲ್ಲ ಪೆಟ್ಲುಪ್ಪು, ವಾಪಸ್ ಹೋಗೋಣ, ಮದ್ಯದ ರುಚಿ ಹೇಳಲು ಲುಕೇಸಿ ಇದ್ದಾನಲ್ಲ. ಬೇಡ ಎಂದಷ್ಟೂ ಅವನು ಒಳಕ್ಕೆ ನಡೆಯುತ್ತಾನೆ. ಕೆಮ್ಮಿನಿಂದ ನಾನೇನೂ ಸಾಯುವುದಿಲ್ಲ ಎಂದಾಗ ಇವನ ಉತ್ತರ, ನಿಜ, ನಿಜ!

ಐವತ್ತು ವರ್ಷದ ಮೇಲೆ, ತನ್ನ ಆತ್ಮದ ಸ್ವಭಾವ ಬಲ್ಲ ಯಾರಿಗೋ ಇದನ್ನೆಲ್ಲ ಹೇಳುತ್ತಿದ್ದಾನೆ. ಸಾಯುವ ಮುನ್ನ ಪಾದ್ರಿಯ ಮುಂದೆ ಹೇಳುತ್ತಿರಬಹುದು ಎಂದು ಹಲವರ ಊಹೆ. ನನಗೂ ಹಾಗೇ ಅನಿಸುತ್ತದೆ. ಸೇಡಿಗೆ ಅವನೇ ಹಾಕಿಕೊಂಡ ಷರತ್ತು ಎರಡು: ತನಗೆ ಶಿಕ್ಷೆಯಾಗಬಾರದು, ಇದು ಸೇಡು ಎಂದು ಎದುರಾಳಿಗೆ ತಿಳಿಯಬೇಕು. ಗೋಡೆಯ ಹನ್ನೊಂದನೆಯ ಕಲ್ಲಿನ ವರಸೆ ಮುಗಿಯುವ ಹೊತ್ತಿಗೆ ಕೂಗಿದರೆ ಒಳಗಿನಿಂದ ಮಾತಿಲ್ಲ, ಹಬ್ಬಕ್ಕೆಂದು ಫಾರ್ಚುನಾಟೊ ತೊಟ್ಟಿದ್ದ ವಿದೂಷಕನ ಟೊಪ್ಪಿಗೆಯ ಗೆಜ್ಜೆ ಸದ್ದು ಮಾತ್ರ. ಎರಡನೆಯ ಷರತ್ತು ಈಡೇರಿತೋ ಇಲ್ಲವೋ, ಅವನಿಗೂ ಗೊತ್ತಿಲ್ಲ. ಎದೆ ಕಸಿವಿಸಿಗೊಂಡಿತು, ನೆಲಮಾಳಿಗೆಯ ತೇವದಿಂದಾಗಿ, ಎನ್ನುತ್ತಾನೆ. ನೀವು ದಂಡ ಅಂದ ತೇವ ಅವನ ಕೊನೆಯ ಸುಳ್ಳಿಗೆ ಒದಗಿತು ನೋಡಿ!

1846ರಲ್ಲಿ ಇದನ್ನು ಅಚ್ಚು ಹಾಕಿದ್ದು ಹೆಂಗಸರ ಉಡುಪಿನ ಚಿತ್ರಗಳಿಗೆ ಹೆಸರಾದ ‘ಗೋಡೀಸ್ ಲೇಡೀಸ್ ಬುಕ್’ ಪತ್ರಿಕೆ. ವಿವರಣೆ ಸೇರಿಸಿ ಎಂದು ಅದರ ಸಂಪಾದಕರು ಪಟ್ಟು ಹಿಡಿದಿದ್ದರೆ ಕತೆ ಕೆಟ್ಟೇಹೋಗುತ್ತಿತ್ತು. ನನ್ನ ಮೇಜಿಗೆ ಬರುವ ಸೇಡಿನ ಕತೆಗಳ ಪಾಡು ಬೇರೆ. ಮೊದಲ ಪ್ಯಾರಾದಲ್ಲಿ ಮಚ್ಚು, ಎರಡನೆಯದರಲ್ಲಿ ‘ಇಪ್ಪತ್ತು ವರ್ಷಗಳ ಹಿಂದೆ’. ಧಾರಾವಾಹಿಗಳಂತೂ ಒಂದು ಕಪಾಳಮೋಕ್ಷವನ್ನು ಮೂರು ಕೋನದಿಂದ ತೋರಿಸಿ, ಹಿನ್ನೆಲೆಯಲ್ಲಿ ಸಿಡಿಲು ಹೊಡೆಸುತ್ತವೆ. ಶಾಲೆಯಲ್ಲೂ ‘ಕತೆಯ ಆಶಯವೇನು’ ಎಂದು ಕೇಳುವ ಮೇಷ್ಟರು, ಗೋಡೆ ಯಾವುದರಿಂದ ಕಟ್ಟಿದ್ದು ಎಂದು ಕೇಳುವುದಿಲ್ಲ.

ಪತ್ರದ ಜೊತೆ ನಿಮ್ಮದೇ ಕತೆಯೊಂದನ್ನೂ ಕಳುಹಿಸಿದ್ದೀರಿ. ಬಾವಿಕಟ್ಟೆಯ ಮೇಲೆ ಕೂತ ಸೋದರಮಾವ ಹಗ್ಗದ ಗಂಟನ್ನು ಬಿಚ್ಚಿ ಮತ್ತೆ ಕಟ್ಟುವ ಜಾಗ ಬಹಳ ಚೆನ್ನಾಗಿದೆ. ಅಲ್ಲಿಂದಲೇ ಶುರು ಮಾಡಿ. ಅದಕ್ಕೂ ಮುಂಚಿನ ಜಮೀನು ವ್ಯಾಜ್ಯದ ಪುಟಗಳನ್ನು ತೆಗೆದು, ಉಳಿದದ್ದನ್ನು ಮತ್ತೊಮ್ಮೆ ಕಳುಹಿಸಿ.